ಭರವಸೆಯನ್ನು ಫಲದಿಂದ ಅಳೆಯದಿರೋಣ: ಯಗಟಿ ಸೀಮೆಯ ಕ್ರೈಸ್ತ ಬಂಧುಗಳಿಗೆ ಬಹಿರಂಗ ಪತ್ರ

ಯಗಟಿ, ಕಡೂರು, ಬೀರೂರು, ತರೀಕೆರೆ, ಅಜ್ಜಂಪುರ ಸೀಮೆಯ ಪ್ರಿಯ ಸಹೋದರ ಸಹೋದರಿಯರೇ,



ಬಲಿಪೂಜೆಗೆ ಹೋಗುವವರಾಗಲಿ, ಭಾನುವಾರದ ಆರಾಧನೆಗೆ ಕೂಡುವವರಾಗಲಿ, ಮನೆಯಲ್ಲೇ ನಾಲ್ಕು ಜನ ಸೇರಿ ಪ್ರಾರ್ಥನೆ ಮಾಡುವವರಾಗಲಿ, ನಾವೆಲ್ಲ ಒಬ್ಬರಿಗೊಬ್ಬರು ಹೇಳಿಕೊಳ್ಳುವ ಮಾತು ಒಂದೇ: ಯೇಸುವಿನ ಮೇಲೆ ಭರವಸೆ ಇಡಿ. ಕಾಯಿಲೆ ಬಿದ್ದವರಿಗೆ, ಸಾಲದಲ್ಲಿ ಸಿಕ್ಕಿಕೊಂಡವರಿಗೆ, ಮಗಳ ಮದುವೆ ಕೂಡಿಬರದೆ ಕೊರಗುವವರಿಗೆ ಇದನ್ನೇ ಹೇಳುತ್ತೇವೆ. ಭರವಸೆ ಇಡುವುದೆಂದರೆ ಏನು ಮಾಡುವುದು, ಇಟ್ಟಿದ್ದೇವೋ ಇಲ್ಲವೋ ಎಂದು ತಿಳಿಯುವುದು ಹೇಗೆ ಎಂದು ಕೂತು ಯೋಚಿಸುವುದು ಕಡಿಮೆ. ಹೀಗೆ ಯೋಚಿಸದೆ ಬಿಟ್ಟದ್ದರಿಂದ ಒಂದು ಅಳತೆಗೋಲು ನಮ್ಮ ನಡುವೆ ತಾನಾಗಿಯೇ ನೆಲೆನಿಂತಿದೆ. ಸಾಕ್ಷಿ ಹೇಳುವ ಹೊತ್ತಿನಲ್ಲಿ ಎದ್ದು ನಿಲ್ಲುವವರು ಕೊಳವೆಬಾವಿಯಲ್ಲಿ ನೀರು ಬಿದ್ದವರು, ಮಗನಿಗೆ ಕೆಲಸ ಸಿಕ್ಕವರು, ಆಪರೇಷನ್ ಸಲೀಸಾಗಿ ಆದವರು. ಅವರು ಸ್ತೋತ್ರ ಮಾಡುವುದು ನ್ಯಾಯವೇ. ಅವರ ಸಂತೋಷದಲ್ಲಿ ನಾವೂ ಪಾಲುದಾರರು. ಆದರೆ ಎಷ್ಟು ಕಡೆ ಕೊರೆಸಿದರೂ ಬರಿ ಧೂಳು ಕಂಡವರು, ಉಪವಾಸ ಪ್ರಾರ್ಥನೆ ಮಾಡಿಯೂ ಮನೆಯವರನ್ನು ಮಣ್ಣು ಮಾಡಿ ಬಂದವರು ಅದೇ ಸಭೆಯಲ್ಲಿ ತಲೆ ತಗ್ಗಿಸಿ ಕೂತಿರುತ್ತಾರೆ. ತಮ್ಮ ನಂಬಿಕೆಯಲ್ಲೇ ಏನೋ ಕೊರತೆ ಇದೆಯೆಂದು ಅವರು ತೀರ್ಮಾನಿಸಿಕೊಂಡಿರುತ್ತಾರೆ. ಈ ಪತ್ರ ಮುಖ್ಯವಾಗಿ ಅವರಿಗಾಗಿ. ಕೈಗೆ ಬಂದ ಫಲದಿಂದ ಭರವಸೆಯನ್ನು ಅಳೆಯುವುದು ಸುವಾರ್ತೆಗೆ ಹೊಂದುವುದಿಲ್ಲ. ಫಲ ಏನೆಂದು ಗೊತ್ತಿಲ್ಲದಿರುವಾಗಲೂ ಯೇಸುವಿನ ಮಾತನ್ನು ಹಿಡಿದು ಇವತ್ತಿನ ಕೆಲಸ ಮಾಡುವುದೇ ಭರವಸೆ. ಅದನ್ನು ಮಾಡುತ್ತ ಮಾಡುತ್ತಲೇ ಕಲಿಯಬೇಕು. ನಾನು ಹೇಳಬೇಕೆಂದಿರುವುದು ಇಷ್ಟು.

ಮೊದಲು ಸುವಾರ್ತೆಯನ್ನೇ ನೋಡೋಣ. ಲೂಕನ ಐದನೆಯ ಅಧ್ಯಾಯದಲ್ಲಿ ಪೇತ್ರ ರಾತ್ರಿಯಿಡೀ ಬಲೆ ಬೀಸಿ ಏನೂ ಸಿಗದೆ ದಡದಲ್ಲಿ ಬಲೆ ತೊಳೆಯುತ್ತಿದ್ದಾನೆ. ಮೀನು ಹಿಡಿಯುವುದು ಅವನ ಕಸುಬು, ಮತ್ತೆ ಬಲೆ ಹಾಕೆಂದು ಹೇಳುತ್ತಿರುವವನು ಬಡಗಿ. ಆದರೂ ಯೇಸು ಹೇಳಿದ್ದರಿಂದ ಮತ್ತೆ ಬಲೆ ಹಾಕುತ್ತಾನೆ. ದೋಣಿ ಮುಳುಗುವಷ್ಟು ಮೀನು ಬಂದದ್ದನ್ನು ನಾವು ಪದೇ ಪದೇ ಪ್ರಸಂಗ ಮಾಡುತ್ತೇವೆ. ಆದರೆ ಪೇತ್ರನ ಭರವಸೆ ಕಂಡದ್ದು ಮೀನು ಬರುವ ಮುಂಚೆ, ಖಾಲಿ ಬಲೆಯನ್ನು ನೀರಿಗೆ ಬಿಟ್ಟಾಗ. ಅಧ್ಯಾಯ ಅಲ್ಲಿಗೂ ನಿಲ್ಲುವುದಿಲ್ಲ. ಜೀವಮಾನದಲ್ಲೇ ದೊಡ್ಡದಾದ ಆ ಪಾಲನ್ನು ದಡದಲ್ಲೇ ಬಿಟ್ಟು ಅವನು ಯೇಸುವಿನ ಹಿಂದೆ ಹೋಗುತ್ತಾನೆ. ಮೀನಿಗಾಗಿ ಯೇಸುವನ್ನು ನಂಬಿದ್ದರೆ ಅವನು ಮಾರುಕಟ್ಟೆಗೆ ಹೋಗಬೇಕಿತ್ತು, ಮರುದಿನ ಮತ್ತೆ ಮೀನು ಕೊಡೆಂದು ಕೇಳಬೇಕಿತ್ತು. ಫಲದ ಮೂಲಕ ಅವನಿಗೆ ಗುರುತು ಸಿಕ್ಕಿದ್ದು ಫಲ ಕೊಟ್ಟವನದು. ಅಲ್ಲಿಂದಾಚೆಗೆ ಅವನಿಗೆ ಬೇಕಾದದ್ದೂ ಆತನೇ.

ಯೇಸು ಕಲಿಸಿದ ಪ್ರಾರ್ಥನೆಯ ಅಳತೆಯನ್ನೂ ಗಮನಿಸಿ. ಅಲ್ಲಿ ಕೇಳುವುದು ಆಯಾ ದಿನದ ಆಹಾರವನ್ನು, ವರ್ಷದ ಕಣಜವನ್ನಲ್ಲ. ವಿಮೋಚನಕಾಂಡದ ಹದಿನಾರನೆಯ ಅಧ್ಯಾಯದಲ್ಲಿ ಇಸ್ರಾಯೇಲ್ಯರಿಗೆ ಮನ್ನ ಸಿಕ್ಕಿದ್ದೂ ದಿನದ ಲೆಕ್ಕದಲ್ಲೇ. ಮಾತು ಮೀರಿ ಮರುದಿನಕ್ಕೆ ಕೂಡಿಟ್ಟದ್ದು ಹುಳ ಬಿದ್ದು ನಾರಿತು. ಸಬ್ಬತ್ತಿನ ಹಿಂದಿನ ದಿನ ಮಾತ್ರ ಎರಡು ಪಾಲು ಕೂಡಿಸಿಕೊಳ್ಳಲು ಅಪ್ಪಣೆಯಾಗಿತ್ತು, ಅದು ಕೆಡಲಿಲ್ಲ. ಕೂಡಿಡುವುದೇ ತಪ್ಪು ಎಂಬ ಪಾಠ ಇದರಲ್ಲಿಲ್ಲ. ಕೊಟ್ಟವನ ಮಾತಿನಂತೆ ನಡೆಯುವುದನ್ನು ಒಂದು ಜನಾಂಗ ದಿನಕ್ಕೊಂದು ಪಾಠದಂತೆ ನಲವತ್ತು ವರ್ಷ ಕಲಿತದ್ದು ಇಲ್ಲಿದೆ. ಒಂದು ಕನ್ವೆನ್ಷನ್ನಿನಲ್ಲಿ ಕೈ ಎತ್ತಿದ ರಾತ್ರಿಯೇ ಪೂರ್ತಿ ಭರವಸೆ ಬಂದುಬಿಡಬೇಕೆಂದು ನಮ್ಮ ಯುವಕರ ಮೇಲೆ ಹೊರೆ ಹೊರಿಸುವ ಮೊದಲು ಇದನ್ನು ನೆನೆಯಬೇಕು. ಅಡಿಕೆ ಸಸಿ ಇಟ್ಟವರು ಮೊದಲ ಗೊನೆಗೆ ವರ್ಷಗಟ್ಟಲೆ ಕಾಯುತ್ತಾರೆ, ಆದರೆ ನೀರು ಬಿಡುವುದನ್ನು ಆ ಗೊನೆಯ ದಿನಕ್ಕೆ ಮುಂದೂಡುವುದಿಲ್ಲ. ಭರವಸೆಯ ಬೇಸಾಯವೂ ಹಾಗೆಯೇ.

ಇಲ್ಲಿ ಮೊದಲ ಆಕ್ಷೇಪ ಎದುರಾಗುತ್ತದೆ, ಅದು ಹಗುರವಾದದ್ದಲ್ಲ. ಬೇಡಿಕೊಂಡರೆ ಸಿಗುವುದು ಎಂದು ಯೇಸುವೇ ಹೇಳಿರುವಾಗ ಫಲವನ್ನು ನೋಡಬೇಡಿ ಎನ್ನುವುದು ಆ ಮಾತನ್ನೇ ಹಗುರ ಮಾಡಿದಂತಲ್ಲವೇ ಎಂದು ಕೇಳುವವರಿದ್ದಾರೆ. ಬೇಡಬೇಕು, ಧಾರಾಳವಾಗಿ ಬೇಡಬೇಕು. ಆದರೆ ಆ ಮಾತು ಹೇಳಿದವನೇ ಗೆತ್ಸೇಮನೆ ತೋಟದಲ್ಲಿ ಬೇಡಿದ್ದನ್ನು ಮರೆಯಬಾರದು. ಸಂಕಟದ ಪಾತ್ರೆ ತನ್ನಿಂದ ತೊಲಗಲೆಂದು ಬೇಡಿದ, ತಂದೆಯ ಚಿತ್ತಕ್ಕೆ ತನ್ನನ್ನು ಒಪ್ಪಿಸಿದ, ಪಾತ್ರೆ ತೊಲಗಲಿಲ್ಲ. ಕೊರಿಂಥದವರಿಗೆ ಬರೆದ ಎರಡನೆಯ ಪತ್ರದಲ್ಲಿ ಪೌಲ ತನ್ನ ಶರೀರದಲ್ಲಿ ನಾಟಿದ ಮುಳ್ಳನ್ನು ತೆಗೆಯೆಂದು ಮೂರು ಸಲ ಬೇಡಿದ್ದನ್ನು ಹೇಳುತ್ತಾನೆ. ಮುಳ್ಳು ಹೋಗಲಿಲ್ಲ, ತಾಳಿಕೊಳ್ಳುವ ಕೃಪೆ ಸಿಕ್ಕಿತು. ಕೇಳಿದ್ದು ಸಿಗದಿದ್ದರೆ ನಂಬಿಕೆ ಕಡಿಮೆ ಎನ್ನುವುದಾದರೆ ಈ ಇಬ್ಬರ ನಂಬಿಕೆಯೂ ಕಡಿಮೆಯಾಗಿತ್ತು ಎನ್ನಬೇಕಾಗುತ್ತದೆ. ಆ ಮಾತನ್ನು ನಾವು ಯಾರೂ ಬಾಯಲ್ಲಿ ಆಡಲಾರೆವು. ಹಾಗಿದ್ದ ಮೇಲೆ ಪಕ್ಕದ ಮನೆಯ ವಿಧವೆಯ ಬಗ್ಗೆ ಅದನ್ನೇ ಹೇಗೆ ಹೇಳುತ್ತೇವೆ? ಮತ್ತಾಯನ ನಾಲ್ಕನೆಯ ಅಧ್ಯಾಯದಲ್ಲಿ ಸೈತಾನ ಯೇಸುವಿಗೆ ಹೇಳಿದ್ದೂ ಇದನ್ನೇ: ದೇವಾಲಯದ ತುದಿಯಿಂದ ಧುಮುಕು, ದೇವರು ಹಿಡಿಯುತ್ತಾನೋ ನೋಡೋಣ. ಫಲ ತೋರಿಸಿ ನಂಬಿಕೆಯನ್ನು ರುಜುವಾತು ಮಾಡು ಎಂಬ ಆ ಸವಾಲನ್ನು ಯೇಸು ಒಪ್ಪಲಿಲ್ಲ. ಅದು ದೇವರನ್ನು ಪರೀಕ್ಷಿಸುವುದೇ ಹೊರತು ನಂಬುವುದಲ್ಲ ಎಂದು ಅದನ್ನು ತಳ್ಳಿಹಾಕಿದ.

ಈ ವಿಚಾರ ನಮ್ಮ ಸೀಮೆಯವರಿಗೆ ಬೇರೆಯವರಿಗಿಂತ ಹೆಚ್ಚು ತಾಗುತ್ತದೆ. ಮಲೆನಾಡಿನ ಬೆಟ್ಟಗಳು ಮಳೆಯನ್ನು ತಡೆದುಕೊಂಡ ಮೇಲೆ ಉಳಿದದ್ದು ನಮಗೆ. ರಾಗಿ, ಈರುಳ್ಳಿ, ತೆಂಗು, ಅಡಿಕೆ ಎಲ್ಲವೂ ಆಕಾಶವನ್ನೋ ಕೊಳವೆಬಾವಿಯನ್ನೋ ನೋಡಿಕೊಂಡೇ ಬದುಕುತ್ತವೆ. ಅಯ್ಯನಕೆರೆ, ಮದಗದ ಕೆರೆಗಳ ನೀರಿನಿಂದ ಹುಟ್ಟುವ ನಮ್ಮ ವೇದಾವತಿ ಕೆಳಗೆ ಹಿರಿಯೂರಿನ ಹತ್ತಿರ ವಾಣಿವಿಲಾಸ ಸಾಗರವನ್ನು ತುಂಬಬೇಕು. 1933ರಲ್ಲಿ ಕೋಡಿ ಬಿದ್ದ ಆ ಜಲಾಶಯ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಅದರ ಮರುವರ್ಷವೇ, 2023ರಲ್ಲಿ, ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಸರ್ಕಾರ ಘೋಷಿಸಿತು. 2022ರಲ್ಲಿ ಈ ನದಿಯ ದಂಡೆಯವರ ನಂಬಿಕೆ ತುಂಬಿ ಹರಿದು, 2023ರಲ್ಲಿ ಬತ್ತಿಹೋಯಿತೆಂದು ಯಾರು ಹೇಳಬಲ್ಲರು? ನೀತಿವಂತರ ಮೇಲೂ ಅನೀತಿವಂತರ ಮೇಲೂ ತಂದೆ ಮಳೆ ಸುರಿಸುತ್ತಾನೆಂದು ಬೆಟ್ಟದ ಪ್ರಸಂಗದಲ್ಲಿ ಯೇಸು ಕಲಿಸಿದ. ಸಿಲೋವಾದ ಬುರುಜು ಬಿದ್ದು ಸತ್ತ ಹದಿನೆಂಟು ಜನ ಬೇರೆಯವರಿಗಿಂತ ಹೆಚ್ಚು ಪಾಪಿಗಳೆಂದು ತಿಳಿಯಬೇಡಿರೆಂದು ಲೂಕನ ಹದಿಮೂರನೆಯ ಅಧ್ಯಾಯದಲ್ಲಿ ನೇರವಾಗಿಯೇ ಎಚ್ಚರಿಸಿದ. ಪ್ರವಾದಿ ಹಬಕ್ಕೂಕನಂತೂ ಅಂಜೂರ, ದ್ರಾಕ್ಷಿ, ಎಣ್ಣೆಮರ, ಹೊಲದ ಪೈರು, ಹಟ್ಟಿಯ ಕುರಿ, ಕೊಟ್ಟಿಗೆಯ ದನ ಎಂದು ಒಂದೊಂದನ್ನೇ ಹೆಸರಿಸಿ, ಇವೆಲ್ಲ ಕೈಕೊಟ್ಟರೂ ತಾನು ಕರ್ತನಲ್ಲಿ ಸಂತೋಷಿಸುವೆನೆಂದು ತನ್ನ ಪುಸ್ತಕ ಮುಗಿಸುತ್ತಾನೆ. ಬಯಲುಸೀಮೆಯ ರೈತನಿಗೆ ಆ ಪಟ್ಟಿಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮ ನಾಡಿನ ಕ್ರೈಸ್ತರ ಚರಿತ್ರೆಯೂ ಇದಕ್ಕೆ ಸಾಕ್ಷಿ ನುಡಿಯುತ್ತದೆ. ಮಂಗಳೂರಿನ ಸಾರಸ್ವತ ಬ್ರಾಹ್ಮಣ ಮನೆತನದ ಆನಂದರಾವ್ ಕೌಂಡಿನ್ಯರು 1844ರ ಜನವರಿಯಲ್ಲಿ ದೀಕ್ಷಾಸ್ನಾನ ಪಡೆದು ಹರ್ಮನ್ ಆನಂದರಾವ್ ಕೌಂಡಿನ್ಯರಾದರು. ಆಗ ಅವರಿಗೆ ಇನ್ನೂ ಇಪ್ಪತ್ತು ತುಂಬಿರಲಿಲ್ಲ. ಸಮಾಜದಲ್ಲಿದ್ದ ಸ್ಥಾನ ಹೋಯಿತು, ಬಂಧುಬಳಗ ದೂರವಾಯಿತು. ಫಲದ ಲೆಕ್ಕದಲ್ಲಿ ನೋಡಿದರೆ ಅವರಿಗೆ ಆದದ್ದೆಲ್ಲ ನಷ್ಟವೇ. ಅವರು ಜರ್ಮನಿಯ ಮಿಷನರಿ ಹೆರ್ಮನ್ ಮೋಗ್ಲಿಂಗರ ಜೊತೆ ಬಾಸೆಲಿಗೆ ಹೋಗಿ ಕಲಿತು, 1851ರಲ್ಲಿ ದೀಕ್ಷೆ ಪಡೆದ ಬೋಧಕರಾಗಿ ಮರಳಿದರು. ಮುಂದೆ ಕೊಡಗಿನಲ್ಲಿ, ಜೀತದಲ್ಲಿದ್ದ ಹೊಲೆಯರ ನೆಲೆಗಾಗಿ ಕಟ್ಟಿದ ಆನಂದಪುರಕ್ಕೆ ತಮ್ಮ ಆಸ್ತಿಯನ್ನು ತೊಡಗಿಸಿದರು. ಆ ಊರಿಗೆ ಇವತ್ತಿಗೂ ಅವರ ಹೆಸರೇ ಇದೆ. 1853ರಲ್ಲಿ ಕನ್ನಡ ನಾಡಿಗೆ ಬಂದ ಫರ್ಡಿನೆಂಡ್ ಕಿಟೆಲ್ಲರ ನಿಘಂಟು ಅಚ್ಚಾದದ್ದು 1894ರಲ್ಲಿ. ಆ ನಡುವೆ ಕಳೆದದ್ದು ನಲವತ್ತೊಂದು ವರ್ಷ, ಸಂಗ್ರಹವಾದದ್ದು ಸುಮಾರು ಎಪ್ಪತ್ತು ಸಾವಿರ ಪದ. ಒಂದೊಂದು ಪದವನ್ನೂ ದಿನದ ಕೆಲಸವೆಂದು ಮಾಡದಿದ್ದರೆ ಆ ಪುಸ್ತಕ ಹುಟ್ಟುತ್ತಿರಲಿಲ್ಲ. ನಮಗೆ ಹತ್ತಿರದ ಹಾಸನ ಜಿಲ್ಲೆಯ ಶೆಟ್ಟಿಹಳ್ಳಿಯಲ್ಲಿ 1860ರ ಸುಮಾರಿಗೆ ಫ್ರೆಂಚ್ ಗುರುಗಳು ಕಟ್ಟಿಸಿದ ಜಪಸರ ಮಾತೆಯ ದೊಡ್ಡ ಚರ್ಚು ಹೇಮಾವತಿ ಜಲಾಶಯದ ನೀರಿಗೆ ಸಿಕ್ಕಿತು, ಊರಿನವರು ಎದ್ದು ಬೇರೆ ಕಡೆ ನೆಲೆಸಿದರು. ಚರ್ಚಿನ ಗೋಡೆ ಮುಳುಗಿದ್ದರಿಂದ ಅವರ ಪ್ರಾರ್ಥನೆ ಮುಳುಗಲಿಲ್ಲ. ಇವರಲ್ಲಿ ಯಾರ ಭರವಸೆಯನ್ನೂ ಕೈಗೆ ಬಂದ ಲಾಭದಿಂದ ಅಳೆಯಲಾಗದು. ಎಡೆಬಿಡದೆ ಮಾಡಿದ ಕೆಲಸದಿಂದಲೂ, ಕಳೆದುಕೊಂಡ ಮೇಲೂ ಬಿಡದೆ ಹಿಡಿದ ದಾರಿಯಿಂದಲೂ ಮಾತ್ರ ಅದನ್ನು ಗುರುತಿಸಬಹುದು.

ಎರಡನೆಯ ಆಕ್ಷೇಪ ಬೇರೆ ದಿಕ್ಕಿನಿಂದ ಬರುತ್ತದೆ. ಹೀಗೆ ಎಲ್ಲವನ್ನೂ ಯೇಸುವಿಗೆ ಬಿಟ್ಟುಕೊಟ್ಟರೆ ಮನುಷ್ಯ ಸೋಮಾರಿಯಾಗುವುದಿಲ್ಲವೇ, ಔಷಧಿ ಬಿಟ್ಟು ಪ್ರಾರ್ಥನೆ ಮಾತ್ರ ಮಾಡುತ್ತ ಕೂರುವುದಿಲ್ಲವೇ? ಹಾಗೆ ಕೂತವರು ಇದ್ದಾರೆ, ಜೀವ ಕಳೆದುಕೊಂಡವರೂ ಇದ್ದಾರೆ, ಅದನ್ನು ಮುಚ್ಚಿಡಬಾರದು. ಆದರೆ ಅದು ಭರವಸೆಯ ಹೆಸರಿನಲ್ಲಿ ದೇವಾಲಯದ ತುದಿಯಿಂದ ಧುಮುಕಿದಂತೆ. ಯೇಸು ಬೇಡವೆಂದದ್ದೂ ಅದನ್ನೇ. ಕರ್ತನ ಬರೋಣ ಹತ್ತಿರವೆಂದು ಕೆಲಸ ಬಿಟ್ಟು ತಿರುಗುತ್ತಿದ್ದ ಥೆಸಲೋನಿಕದವರನ್ನು ಪೌಲ ಗದರಿಸಿದ, ದುಡಿದು ಉಣ್ಣಿರೆಂದ. ಯೋಸೇಫ ಐಗುಪ್ತದ ಏಳು ಸಮೃದ್ಧಿಯ ವರ್ಷಗಳಲ್ಲಿ ಬೆಳೆಯ ಐದನೆಯ ಒಂದು ಪಾಲನ್ನು ಬರಗಾಲಕ್ಕೆಂದು ಕೂಡಿಡಿಸಿದ್ದು ಅಪನಂಬಿಕೆಯಿಂದಲ್ಲ, ದೇವರ ಮಾತನ್ನು ನಂಬಿದ್ದರಿಂದಲೇ. ನಮ್ಮ ಮೈಸೂರು ಸೀಮೆಯಲ್ಲಿಯೇ ಇದಕ್ಕೆ ಸೊಗಸಾದ ಉದಾಹರಣೆ ಇದೆ. 1799ರ ನಂತರ ಇಲ್ಲಿಗೆ ಬಂದ ಫ್ರೆಂಚ್ ಗುರು ಅಬ್ಬೆ ದುಬಾಯ್ 1803-04ರಲ್ಲಿ ಸಿಡುಬಿನ ಲಸಿಕೆ ಹಾಕಿಸುವ ಹೊಣೆ ಹೊತ್ತು, ಸುಮಾರು ಇಪ್ಪತ್ತೈದು ಸಾವಿರ ಜನಕ್ಕೆ ಅದು ತಲುಪುವಂತೆ ಮಾಡಿದರು. ಹಾಸನದ ಹತ್ತಿರದ ಸಾಥಳ್ಳಿಯಲ್ಲಿ ಬಡ ಕ್ರೈಸ್ತರಿಗೆ ಬೇಸಾಯದ ನೆಲೆ ಕಲ್ಪಿಸಿದರು. ಬಲಿಪೂಜೆ ಅರ್ಪಿಸುವ ಗುರುವೇ ಲಸಿಕೆಯನ್ನೂ ಕೊಡಿಸಿದರು, ಹೊಲವನ್ನೂ ಒದಗಿಸಿದರು. ಅವರ ನಂಬಿಕೆಗೂ ಆ ಲಸಿಕೆಗೂ ಜಗಳವಿರಲಿಲ್ಲ. ಇದೇ ದುಬಾಯ್ 1823ರಲ್ಲಿ ಭಾರತ ಬಿಟ್ಟಾಗ, ಇಲ್ಲಿ ಕ್ರೈಸ್ತಧರ್ಮ ಹರಡುವ ಆಸೆಯನ್ನೇ ಕೈಬಿಟ್ಟು ನಿರಾಶರಾಗಿದ್ದರು. ಆ ಬಗ್ಗೆ ಪುಸ್ತಕವನ್ನೂ ಬರೆದರು. ತಮ್ಮ ದುಡಿಮೆಯ ಫಲ ಅವರಿಗೆ ಕಾಣಲಿಲ್ಲ. ಆದರೆ ಅವರು ಕಾಪಾಡಿದ ಮಕ್ಕಳು ಬದುಕಿದರು. ಆದ್ದರಿಂದ ಸಕ್ಕರೆ ಕಾಯಿಲೆಯ ಮಾತ್ರೆ, ಬೆಳೆ ವಿಮೆಯ ಕಂತು, ಮಗುವಿನ ಚುಚ್ಚುಮದ್ದು ಇವು ಯಾವುವೂ ಭರವಸೆಗೆ ಎದುರಾದವಲ್ಲ. ಮಾತ್ರೆ ನಿಲ್ಲಿಸಿ ಎಂದು ಯಾವ ಬೋಧಕರಾದರೂ ಹೇಳಿದರೆ ಅದನ್ನು ಕೇಳಬೇಡಿ.

ಮೂರನೆಯ ಆಕ್ಷೇಪವನ್ನು ಹೆಚ್ಚಾಗಿ ಹೆಂಗಸರು, ಕೂಲಿಕಾರರು ಮನಸ್ಸಿನಲ್ಲೇ ಇಟ್ಟುಕೊಂಡಿರುತ್ತಾರೆ. ಕುಡಿದು ಹೊಡೆಯುವ ಗಂಡನನ್ನು ಸಹಿಸಿಕೋ, ಕೂಲಿ ಕೊಡದ ಮಾಲೀಕನಿಗೆ ಎದುರಾಡಬೇಡ, ಯೇಸುವಿನ ಮೇಲೆ ಭಾರ ಹಾಕು ಎಂದು ನಾವು ಬುದ್ಧಿ ಹೇಳಿ ಕಳಿಸುತ್ತೇವೆ. ಅನ್ಯಾಯಕ್ಕೆ ಭರವಸೆಯ ಮುಸುಕು ಹಾಕುವ ಈ ಉಪದೇಶ ಸುವಾರ್ತೆಯಲ್ಲಿ ಎಲ್ಲಿಯೂ ಇಲ್ಲ. ಲೂಕನ ಹದಿನೆಂಟನೆಯ ಅಧ್ಯಾಯದಲ್ಲಿ ಬೇಸರವಿಲ್ಲದೆ ಪ್ರಾರ್ಥಿಸುವುದಕ್ಕೆ ಯೇಸು ಕೊಟ್ಟ ಮಾದರಿ ಯಾರು? ದೇವರಿಗೂ ಜನರಿಗೂ ಅಂಜದ ನ್ಯಾಯಾಧಿಪತಿಯ ಬಾಗಿಲಿಗೆ ಮತ್ತೆ ಮತ್ತೆ ಹೋಗಿ ನ್ಯಾಯ ಕೇಳಿದ ಒಬ್ಬ ವಿಧವೆ. ಅವಳನ್ನು ಗಯ್ಯಾಳಿ ಎಂದು ಆತನು ಕರೆಯಲಿಲ್ಲ. ತಾನು ಮರಳಿ ಬರುವಾಗ ಭೂಮಿಯ ಮೇಲೆ ಇಂಥ ನಂಬಿಕೆ ಸಿಗುವುದೋ ಎಂದು ಕೇಳಿದ. ಕೂಲಿಯನ್ನು ತಡೆಹಿಡಿದರೆ ಆ ಕೂಲಿಯೇ ದೇವರಿಗೆ ಮೊರೆಯಿಡುತ್ತದೆಂದು ಯಾಕೋಬನ ಪತ್ರ ಹೇಳುತ್ತದೆ. ಆದ್ದರಿಂದ ಹಿಂಸೆಗೆ ಸಿಕ್ಕ ಮಗಳಿಗಾಗಿ ನಾವು ಪ್ರಾರ್ಥನೆಯನ್ನೂ ಮಾಡಬೇಕು, ಅವಳ ಜೊತೆ ಪೊಲೀಸ್ ಠಾಣೆಗೂ ಹೋಗಬೇಕು. ಎರಡೂ ಸೇರಿದರೇ ಅದು ಭರವಸೆ.

ಕೊನೆಯ ಆಕ್ಷೇಪ ನಮ್ಮೊಳಗಿನದು: ನನಗೆ ಸಂಶಯ ಬರುತ್ತದೆ, ನಾನು ನಂಬುವವರ ಸಾಲಿನಲ್ಲಿ ನಿಲ್ಲಲು ಯೋಗ್ಯನಲ್ಲ ಎಂಬುದು. ಮಾರ್ಕನ ಒಂಬತ್ತನೆಯ ಅಧ್ಯಾಯದಲ್ಲಿ ದೆವ್ವ ಹಿಡಿದ ಮಗನನ್ನು ಕರೆತಂದ ತಂದೆ ತನ್ನ ನಂಬಿಕೆಯನ್ನೂ ಅಪನಂಬಿಕೆಯನ್ನೂ ಒಟ್ಟಿಗೇ ಯೇಸುವಿನ ಮುಂದಿಟ್ಟ. ಆತನು ಮೊದಲು ಸಂಶಯ ಕಳೆದುಕೊಂಡು ಬಾ ಎನ್ನದೆ ಮಗನನ್ನು ವಾಸಿ ಮಾಡಿದ. ದೀಕ್ಷಾಸ್ನಾನ ಮಾಡಿಸಿದ ಯೋಹಾನನೇ ಸೆರೆಮನೆಯಿಂದ, ಬರಬೇಕಾದವನು ನೀನೋ ಅಥವಾ ಬೇರೊಬ್ಬನಿಗಾಗಿ ಕಾಯಬೇಕೋ ಎಂದು ಕೇಳಿ ಕಳಿಸಿದ. ಯೇಸು ಅವನನ್ನು ಕಡೆಗಣಿಸದೆ ಎಲ್ಲರ ಮುಂದೆ ಹೊಗಳಿದ. ತೋಮನಿಗೆ ಗಾಯಗಳನ್ನೇ ತೋರಿಸಿದ. ಸಂಶಯವಿದ್ದೂ ಯೇಸುವಿನ ಕಡೆಗೆ ತಿರುಗಿದವರನ್ನು ಆತನು ದೂರ ಅಟ್ಟಿದ ಉದಾಹರಣೆ ಸುವಾರ್ತೆಯಲ್ಲಿ ನನಗೆ ಕಾಣುವುದಿಲ್ಲ. ಸಂಶಯ ಪೂರ್ತಿ ಹೋದ ಮೇಲೆ ನಡೆಯುತ್ತೇನೆ ಎನ್ನುವವನು ಎಂದೂ ಹೊರಡುವುದಿಲ್ಲ. ನಡೆಯುತ್ತ ನಡೆಯುತ್ತಲೇ ಸಂಶಯ ಸವೆಯುತ್ತದೆ.

ಹಾಗಾದರೆ ನಾಳೆ ಬೆಳಿಗ್ಗೆ ಮಾಡಬೇಕಾದದ್ದೇನು? ನಮ್ಮ ಬದುಕಿನಲ್ಲಿ ಯೇಸುವಿನ ಮಾತು ನೇರವಾಗಿ ತಾಗುವ ಜಾಗಗಳು ಬಹಳ ದೂರವೇನಿಲ್ಲ. ಈರುಳ್ಳಿ ಚೀಲದಲ್ಲಿ ಮೇಲೆ ದಪ್ಪನೆಯದನ್ನು ಇಟ್ಟು ಕೆಳಗೆ ಗೋಲಿಯನ್ನು ತುಂಬದಿರುವುದು. ಕಳೆ ಕೀಳಲು ಬಂದವರ ಕೂಲಿಯನ್ನು ಅದೇ ಸಂಜೆ ಎಣಿಸಿ ಕೊಡುವುದು. ಬದುವಿನ ಜಗಳದಲ್ಲಿ ಮಾತು ಬಿಟ್ಟ ಅಣ್ಣನ ಮನೆಗೆ ಮೊದಲು ನಾವೇ ಹೋಗುವುದು. ಸ್ತ್ರೀಶಕ್ತಿ ಸಂಘದ ಲೆಕ್ಕವನ್ನು ಯಾರು ಕೇಳಿದರೂ ತೆರೆದು ತೋರಿಸುವುದು. ಸಾಲ ಮಾಡಿ ಮದುವೆಯ ಆಡಂಬರ ಮಾಡದಿರುವುದು, ಇರುವುದರಲ್ಲೇ ನೆರೆಮನೆಯ ಹಸಿದವರಿಗೆ ಒಂದು ಪಾಲು ಎತ್ತಿಡುವುದು. ಹೀಗೆ ನಡೆದರೆ ನಷ್ಟವಾಗಬಹುದೆಂಬ ಹೆದರಿಕೆ ಪ್ರತಿಯೊಂದರಲ್ಲೂ ಇದೆ, ಮತ್ತು ಆ ಹೆದರಿಕೆಯಲ್ಲಿಯೇ ಭರವಸೆ ಪರೀಕ್ಷೆಗೆ ನಿಲ್ಲುತ್ತದೆ. ಸುಳ್ಳು ಹೇಳದೆ ವ್ಯಾಪಾರ ನಡೆಯುವುದಿಲ್ಲ ಎಂದು ನಂಬಿದವನು ಭಾನುವಾರ ಎಷ್ಟೇ ಜೋರಾಗಿ ಹಾಡಿದರೂ ಸೋಮವಾರ ಭರವಸೆ ಇಟ್ಟಿರುವುದು ಸುಳ್ಳಿನ ಮೇಲೆ. 2011ರ ಜನಗಣತಿಯಂತೆ ಕರ್ನಾಟಕದಲ್ಲಿ ಕ್ರೈಸ್ತರು ನೂರಕ್ಕೆ ಇಬ್ಬರೂ ಇಲ್ಲ, 1.87ರಷ್ಟು ಮಾತ್ರ, ನಮ್ಮ ಹಳ್ಳಿಗಳಲ್ಲಿ ಒಂದೆರಡು ಮನೆ ಇದ್ದರೆ ಹೆಚ್ಚು. ಅಷ್ಟು ಕಡಿಮೆ ಜನ ನಾವು ನಂಬಿದ್ದೇನೆಂದು ನೆರೆಹೊರೆಗೆ ಗೊತ್ತಾಗುವುದು ಧ್ವನಿವರ್ಧಕದಿಂದಲ್ಲ, ನಮ್ಮ ತಕ್ಕಡಿಯಿಂದ, ನಾವು ಕೊಟ್ಟ ಮಾತಿನಿಂದ.

ಆದ್ದರಿಂದ ನಿಮ್ಮೆಲ್ಲರಲ್ಲಿ, ಗುರುಗಳಲ್ಲಿ, ಸಭಾಪಾಲಕರಲ್ಲಿ, ಮನೆ ಪ್ರಾರ್ಥನೆ ನಡೆಸುವ ಅಮ್ಮಂದಿರಲ್ಲಿ ನನ್ನದೊಂದು ಬೇಡಿಕೆ. ಸಾಕ್ಷಿಯ ಹೊತ್ತಿನಲ್ಲಿ ಇನ್ನು ಮುಂದೆ ಎರಡು ಪ್ರಶ್ನೆ ಕೇಳಿ. ಈ ವಾರ ಕರ್ತನು ನಿಮಗೆ ಏನು ಕೊಟ್ಟನು ಎಂದು ಕೇಳುವಿರಿ, ಅದು ಇರಲಿ. ಅದರ ಜೊತೆಗೆ, ಏನು ಸಿಗುವುದೆಂದು ಗೊತ್ತಿಲ್ಲದೆಯೂ ಆತನ ಯಾವ ಮಾತಿನಂತೆ ನಡೆದಿರಿ ಎಂದೂ ಕೇಳಿ. ಆಗ ನೀರು ಬೀಳದ ಬಾವಿಯ ಯಜಮಾನರೂ ಎದ್ದು ನಿಲ್ಲಬಹುದು, ಮಗನನ್ನು ಕಳೆದುಕೊಂಡ ತಾಯಿಯೂ ಮಾತಾಡಬಹುದು. ಅವರ ಸಾಕ್ಷಿಯಿಂದ ನಾವು ಕಲಿಯುವುದು, ಫಲ ಕಂಡವರ ಸಾಕ್ಷಿಯಿಂದ ಕಲಿಯುವುದಕ್ಕಿಂತ ಕಡಿಮೆಯಾಗಿರುವುದಿಲ್ಲ. ಯಾರ ಸಂಕಟವನ್ನು ಕಂಡರೂ ಅದನ್ನು ಅವರ ನಂಬಿಕೆಯ ಕೊರತೆಯೆಂದು ಹೇಳುವುದನ್ನು ಇವತ್ತೇ ನಿಲ್ಲಿಸೋಣ. ಯೇಸುವನ್ನು ನಂಬಲು ಕಲಿಯುತ್ತಿರುವವರೆಲ್ಲರೂ, ಮಳೆ ಬಂದವರೂ ಬಾರದವರೂ, ಒಂದೇ ಸಾಲಿನಲ್ಲಿ ಕೂರುವ ಸಭೆ ನಮ್ಮದಾಗಲಿ.

ಕರ್ತನ ಸೇವೆಯಲ್ಲಿ ನಿಮ್ಮವನು,
ಯಗಟಿಯ ಒಬ್ಬ ಸಹವಿಶ್ವಾಸಿ